ಬಾರದ ತಟ್ಟೆ

"ಗುರುಗಳೇ, ಒಬ್ಬ ಮನುಷ್ಯ ಕೈತುಂಬ ಗಳಿಸಿ, ಎಲ್ಲರಿಗೂ ಧಾರಾಳವಾಗಿ ಕೊಟ್ಟು, ಯಾರ ಹತ್ತಿರವೂ ಒಂದು ಕಡ್ಡಿಯನ್ನೂ ತೆಗೆದುಕೊಳ್ಳದೆ ಬದುಕಿದರೆ, ಅವನು ಗೆದ್ದ ಹಾಗಲ್ಲವೇ?"

ಕೇಳಿದವನು ಶಿಷ್ಯ ಚೌರಪ್ಪ. ಗಳಿಸುವುದನ್ನು ಅವನು ಇನ್ನೂ ಶುರು ಮಾಡಿರಲಿಲ್ಲ. ಕೊಡುವ ಯೋಜನೆಯನ್ನು ಮಾತ್ರ ಮುಗಿಸಿಟ್ಟಿದ್ದ. ಚರ್ಚಿನ ಜಗಲಿಯ ಮೇಲೆ ಕುಳಿತಿದ್ದ ಉಪದೇಶಿ ಇನ್ನಾಸಪ್ಪನವರು, "ಕೂತುಕೋ, ಹಾಗೆ ಗೆದ್ದವನೊಬ್ಬನ ಕತೆ ಹೇಳುತ್ತೇನೆ" ಎಂದರು.

ಒಂದು ಊರಿನಲ್ಲಿ ಒಬ್ಬ ಬೆಲ್ಲದ ವ್ಯಾಪಾರಿ ಇದ್ದ. ಚರ್ಚಿನ ಹಿಂದಿನ ಬೀದಿಯಲ್ಲೇ ಹುಟ್ಟಿದವನು. ಅವನು ಹುಟ್ಟಿದಾಗ ಆ ಮನೆಯಲ್ಲಿ ವ್ಯಾಪಾರವೂ ಇರಲಿಲ್ಲ, ಬೆಲ್ಲವೂ ಇರಲಿಲ್ಲ. ಅವನ ತಾಯಿ ಹಬ್ಬಕ್ಕೆ ಬೇಕಾದ ಬೆಲ್ಲವನ್ನು ಒಂದು ಮನೆಯಲ್ಲಿ, ಅಕ್ಕಿಹಿಟ್ಟನ್ನು ಇನ್ನೊಂದು ಮನೆಯಲ್ಲಿ ಕೇಳಿ ತಂದು ಕಜ್ಜಾಯ ಸುಡುತ್ತಿದ್ದಳು. ಸುಟ್ಟದ್ದನ್ನು ಅದೇ ಮನೆಗಳಿಗೆ ಹಂಚಿಬಿಡುತ್ತಿದ್ದಳು.

ಆ ಬೀದಿಯಲ್ಲಿ ಒಂದು ಪದ್ಧತಿ. ಕ್ರಿಸ್ಮಸ್ ದಿನ ಬೆಳಗಿನ ಪೂಜೆ ಮುಗಿದ ಮೇಲೆ ಪ್ರತಿ ಮನೆಯಿಂದ ಪ್ರತಿ ಮನೆಗೂ ಬಟ್ಟೆ ಮುಚ್ಚಿದ ಒಂದು ತಟ್ಟೆ ಹೋಗಬೇಕು. ಬಂದ ತಟ್ಟೆಯನ್ನು ಬರಿದಾಗಿ ಕಳಿಸುವಂತಿಲ್ಲ. ಕಜ್ಜಾಯ ಬಂದರೆ ಕರ್ಜಿಕಾಯಿ, ಚಕ್ಕುಲಿ ಬಂದರೆ ನಿಪ್ಪಟ್ಟು. ಏನೂ ಇಲ್ಲದವರು ಒಂದು ಚಿಟಿಕೆ ಸಕ್ಕರೆ ಹಾಕಿದರೂ ಮುಗಿಯಿತು. ತಟ್ಟೆ ಹೊರುವುದು ಹುಡುಗರ ಕೆಲಸ. ವ್ಯಾಪಾರಿ ಆಗ ಹುಡುಗ. ಮೂಲೆ ತಿರುಗುವಷ್ಟರಲ್ಲಿ ಬಟ್ಟೆಯೊಳಗೆ ಅವನ ಕೈ ಹೋಗಿ ಬಂದಿರುತ್ತಿತ್ತು. ಬೀದಿಯ ಹೆಂಗಸರಿಗೆ ಇದು ತಿಳಿಯದ ಸಂಗತಿಯೇನಲ್ಲ. "ಇಷ್ಟು ನಿಮ್ಮವ್ವನಿಗೆ, ಇದೊಂದು ದಾರಿಯಲ್ಲಿ ಸಿಗುವ ಇಲಿಗೆ" ಎಂದು ಹೆಚ್ಚಿಗೆ ಇಡುತ್ತಿದ್ದರು. ಸಂಜೆಯ ಹೊತ್ತಿಗೆ ಯಾರ ತಟ್ಟೆ ಯಾರ ಮನೆಯಲ್ಲಿದೆ ಎಂದು ಯಾರಿಗೂ ಗೊತ್ತಿರುತ್ತಿರಲಿಲ್ಲ. ಎಲ್ಲರ ಕೈಯಲ್ಲೂ ಎಲ್ಲರ ಮನೆಯ ಎಣ್ಣೆಯ ವಾಸನೆ.

ಹುಡುಗ ದೊಡ್ಡವನಾದ. ಬೆಲ್ಲ ಅವನ ಕೈಹಿಡಿಯಿತು. ತಲೆಯ ಮೇಲೆ ಹೊತ್ತು ಸಂತೆಯಲ್ಲಿ ಮಾರುತ್ತಿದ್ದವನು ಮಂಡಿ ಇಟ್ಟ. ಹುಟ್ಟಿದ ಬೀದಿಯನ್ನು ಮಾತ್ರ ಬಿಡಲಿಲ್ಲ. ಹಳೆಯ ಮನೆಯ ಜಾಗದಲ್ಲೇ ಮಹಡಿ ಮನೆ ಕಟ್ಟಿಸಿದ. ಹೊಸ ಮನೆಯ ಮೊದಲ ಕ್ರಿಸ್ಮಸ್ಸಿಗೆ ಮನೆಗೊಂದರಂತೆ ಹೊಸ ಹಿತ್ತಾಳೆ ತಟ್ಟೆ ಕಳಿಸಿದ. ಅದರ ತುಂಬ ಗೋಡಂಬಿ, ದ್ರಾಕ್ಷಿ, ಪೇಟೆಯ ಹಲ್ವ, ಮೇಲೊಂದು ಸೀರೆ.

ಮಧ್ಯಾಹ್ನ ಜನ ತಮ್ಮ ತಮ್ಮ ತಟ್ಟೆ ಹಿಡಿದು ಬಂದರು. ವ್ಯಾಪಾರಿ ಕೈ ಜೋಡಿಸಿ, "ಇದೆಲ್ಲ ಯಾಕೆ? ನನಗೇನು ಕಡಿಮೆಯಾಗಿದೆ? ನಿಮ್ಮ ಮಕ್ಕಳಿಗೇ ಇರಲಿ" ಎಂದ. ಒಳ್ಳೆಯ ಮನಸ್ಸಿನಿಂದಲೇ ಎಂದ. ಜನ ಮುಚ್ಚಿದ ಬಟ್ಟೆ ತೆಗೆಯದೆ ಹಾಗೆಯೇ ಹಿಂದಿರುಗಿದರು.

ಮರುವರ್ಷ ಯಾರೂ ಬರಲಿಲ್ಲ. ವ್ಯಾಪಾರಿ ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ಸಂಜೆಯವರೆಗೂ ಕುಳಿತ. ತಟ್ಟೆಗಳು ಬೀದಿಯ ಆ ಬದಿಯಿಂದ ಈ ಬದಿಗೆ ಓಡಾಡಿದವು. ಅವನ ಬಾಗಿಲ ಮುಂದೆ ಬಂದಾಗ ಮಾತ್ರ ಹುಡುಗರು ನಡಿಗೆ ಜೋರು ಮಾಡುತ್ತಿದ್ದರು. ಕಳಿಸಿದ್ದು ಕಡಿಮೆಯಾಯಿತೇನೋ ಎಂದುಕೊಂಡು ಮುಂದಿನ ವರ್ಷ ಸೀರೆಯ ಜೊತೆಗೆ ಪಂಚೆ ಇಟ್ಟ. ಅದರಾಚೆಯ ವರ್ಷ ಕಂಬಳಿಯನ್ನೂ ಇಟ್ಟ. ತಟ್ಟೆ ಭಾರವಾದಷ್ಟೂ ಬೀದಿ ದೂರವಾಯಿತು. ಮೊದಲು ಹೆಗಲ ಮೇಲೆ ಕೈಹಾಕಿ ಮಾತಾಡಿಸುತ್ತಿದ್ದವರು ಈಗ ಅದೇ ಕೈ ಮುಗಿದು ಪಕ್ಕಕ್ಕೆ ಸರಿಯುತ್ತಿದ್ದರು.

ಅವನ ಮನೆಯಲ್ಲೂ ಅಡಿಗೆಯವನು ಕಜ್ಜಾಯ ಸುಡುತ್ತಿದ್ದ, ಅದೂ ತುಪ್ಪದಲ್ಲಿ. ವ್ಯಾಪಾರಿ ಒಂದು ಚೂರು ಕಚ್ಚಿ ಇಟ್ಟುಬಿಡುತ್ತಿದ್ದ. ನಾಲಗೆ ಕೇಳುತ್ತಿದ್ದದ್ದು ಬೇರೆ ಮನೆಯದನ್ನು. ಬೆಲ್ಲದ ಮೂಟೆಗಳ ನಡುವೆ ಕುಳಿತವನ ಬಾಯಿ ಸಪ್ಪೆಯಾಗಿತ್ತು. ಕೊನೆಗೊಂದು ಕ್ರಿಸ್ಮಸ್ಸಿನ ದಿನ ಮನಸ್ಸು ಗಟ್ಟಿ ಮಾಡಿಕೊಂಡ. ಈ ಸಲವೂ ಒಂದು ತಟ್ಟೆ ಬಾರದಿದ್ದರೆ ಮನೆ ಮಾರಿ ಪೇಟೆಗೆ ಹೋಗುವುದು. ಉಪಕಾರ ನೆನೆಯದ ಜನರ ಸಹವಾಸ ಸಾಕು.

ಹೊತ್ತು ಇಳಿಯಿತು. ತಟ್ಟೆ ಬರಲಿಲ್ಲ. ವ್ಯಾಪಾರಿ ಎದ್ದು ಕೋಪದಲ್ಲೇ ಪಕ್ಕದ ಮನೆಗೆ ನಡೆದ. ಅಲ್ಲಿ ಬುಟ್ಟಿ ಹೆಣೆಯುವ ಒಬ್ಬ ಮುದುಕಿ ಇದ್ದಳು, ಅವನ ತಾಯಿಯ ಜೊತೆಗಾತಿ. ಒಲೆಯ ಮುಂದೆ ಕುಳಿತು ಬಾಣಲೆ ಒರೆಸುತ್ತಿದ್ದಳು.

"ದೊಡ್ಡವ್ವ, ನಾನು ಈ ಬೀದಿ ಬಿಟ್ಟು ಹೋಗುತ್ತಿದ್ದೇನೆ. ಹೋಗುವ ಮುಂಚೆ ಒಂದು ಮಾತು ಹೇಳಿಬಿಡು. ನಾನು ಕಳಿಸಿದ್ದರಲ್ಲಿ ಏನು ಕೊರತೆಯಾಗಿತ್ತು?"

"ಕೊರತೆಯೇ? ನಿನ್ನ ತಟ್ಟೆ ಇಳಿಸಿಕೊಳ್ಳುವುದಕ್ಕೆ ಸೊಸೆಯನ್ನು ಕೂಗಬೇಕಾಯಿತು ಕಣಪ್ಪ. ಅದಕ್ಕೆ ಸರಿಯಾಗಿ ನಾನೇನು ಇಡಲಿ? ಮನೆಯ ತೊಲೆ ಕಿತ್ತಿಡಲೇ?"

"ಸರಿಸಮ ಬೇಕೆಂದು ನಾನು ಕೇಳಿದೆನೇ? ಒಂದು ಕಜ್ಜಾಯ ತಂದಿದ್ದರೆ ಸಾಕಾಗಿತ್ತು."

"ತಂದಿದ್ದೆ. ಮಕ್ಕಳಿಗೇ ಇರಲಿ ಅಂದೆ. ಮಕ್ಕಳ ಪಾಲು ಮಕ್ಕಳು ಆಗಲೇ ತಿಂದಿದ್ದರು ಸಾಹುಕಾರ, ಅದು ನಿನ್ನ ಪಾಲು. ಯಾರಿಗೆ ಕೊಡಬೇಕೆಂದು ತಿಳಿಯದೆ ಹಳಸುವವರೆಗೂ ಗೂಡಿನಲ್ಲಿ ಇಟ್ಟುಕೊಂಡಿದ್ದೆ. ಕೊಡುವ ಸುಖವನ್ನೂ ನೀನೊಬ್ಬನೇ ಗುತ್ತಿಗೆ ಹಿಡಿದರೆ ನಾವು ಏನು ಮಾಡೋಣ?"

ವ್ಯಾಪಾರಿ ಹೊಸ್ತಿಲಲ್ಲೇ ನಿಂತ. ಬೈಯಲು ಬಂದವನಿಗೆ ಬೈಗುಳ ಮರೆತುಹೋಯಿತು. ತಾನು ಕೊಟ್ಟದ್ದೆಲ್ಲ ಅವನಿಗೆ ನೆನಪಿತ್ತು. ಯಾರನ್ನಾದರೂ ಏನನ್ನಾದರೂ ಕೇಳಿ ಎಷ್ಟು ಕಾಲವಾಯಿತೆಂಬುದು ನೆನಪಾಗಲಿಲ್ಲ. ಕೇಳುವ ಮಾತು ಬಾಯಿಗೆ ಸುಲಭವಾಗಿ ಬರಲೂ ಇಲ್ಲ.

"ದೊಡ್ಡವ್ವ, ಒಂದು ಉಳಿದಿದ್ದರೆ ಕೊಡು. ಆಸೆಯಾಗಿದೆ."

"ಮುಗಿದವಲ್ಲಪ್ಪ. ಕೊನೆಯದೊಂದು ಸೀದುಹೋಗಿದೆ. ನಾಯಿಗೆ ಅಂತ ಇಟ್ಟಿದ್ದೆ."

"ನಾಯಿಗೆ ನಾಳೆ ಏನಾದರೂ ಕೊಡು."

ಮುದುಕಿ ನಕ್ಕಳು. ಅವನು ಹೊಸ್ತಿಲ ಮೇಲೆ ಕುಳಿತು ಆ ಕರಿ ಕಜ್ಜಾಯವನ್ನು ತಿಂದ. ಎದುರುಮನೆಯ ಹೆಂಗಸು ಅದನ್ನು ನೋಡಿದಳು. ಸಾಹುಕಾರರು ಸೀದದ್ದನ್ನು ಕೇಳಿ ತಿನ್ನುತ್ತಿದ್ದಾರೆ ಎಂಬ ಸುದ್ದಿಗೆ ಬೀದಿಯ ಆ ತುದಿ ಮುಟ್ಟಲು ಎಷ್ಟು ಹೊತ್ತು ಬೇಕು? ಅವನು ಮನೆಗೆ ಬರುವಷ್ಟರಲ್ಲಿ ಜಗಲಿಯ ತುಂಬ ತಟ್ಟೆಗಳು. ಒಂದರಲ್ಲಿ ಮುರಿದ ಚಕ್ಕುಲಿ, ಒಂದರಲ್ಲಿ ಬಾಳೆಹಣ್ಣು. ಇನ್ನೊಂದು ಮನೆಯವರು ಬೇರೇನೂ ಇಲ್ಲದೆ ಹುರುಳಿ ಸಾರನ್ನೇ ಕಳಿಸಿದ್ದರು. ಅವನು ಯಾವುದನ್ನೂ ಬೇಡವೆನ್ನಲಿಲ್ಲ. ಮಾರನೆಯ ದಿನ ಹೊಟ್ಟೆ ಕೆಟ್ಟಿತು. ಮನೆ ಮಾರುವ ಮಾತು ಮತ್ತೆ ಬರಲಿಲ್ಲ.

ಉಪದೇಶಿಗಳು ಕತೆ ನಿಲ್ಲಿಸಿದರು. ಚೌರಪ್ಪ ಅಷ್ಟಕ್ಕೆ ಬಿಡುವವನಲ್ಲ.

"ಹಾಗಾದರೆ ಗುರುಗಳೇ, ಕೊಡುವವನಿಗಿಂತ ಕೈ ಚಾಚುವವನೇ ದೊಡ್ಡವನೋ? ಅದಾದರೆ ನಾನು ಈಗಿಂದೀಗಲೇ ಶುರು ಮಾಡಬಲ್ಲೆ."

"ಎಲ್ಲವನ್ನೂ ಕೊಡಬಲ್ಲ ದೇವರು ಲೋಕಕ್ಕೆ ಬಂದಾಗ, ಯಾರಾದರೂ ಹಾಲು ಕುಡಿಸದಿದ್ದರೆ ಬದುಕಲಾರದ ಕೂಸಾಗಿ ಬಂದನಲ್ಲ, ಚೌರಪ್ಪ" ಎಂದರು ಇನ್ನಾಸಪ್ಪನವರು.