ರಾಟೆ ಆಚಾರಿ ಯಾರ ಕೈಕೆಳಗೆ

ಒಂದು ಕಾಲದಲ್ಲಿ, ಕಡಿದಾದ ಬಂಡೆ ಮೇಲಿನ ಕೋಟೆಗೆ ರಾಜನ ಮಗಳು ಬಾಣಂತನಕ್ಕೆ ಬರ್ತೀನಿ ಅಂತ ಹೇಳಿ ಕಳಿಸಿದಳಂತೆ. ಮೆಟ್ಟಿಲಿತ್ತು, ಆದರೆ ತುಂಬಿದ ಬಸುರಿ ಹತ್ತೋ ಹಾಗಿರಲಿಲ್ಲ. ಬುಟ್ಟೀಲಿ ಕೂರಿಸಿ, ಮೇಲಿದ್ದ ದೊಡ್ಡ ರಾಟೆ ತಿರುಗಿಸಿ, ಹಗ್ಗದಲ್ಲಿ ಎಳೀಬೇಕು. ಆಗೆಲ್ಲ ಅಕ್ಕಿ, ಉಪ್ಪು, ಬೀಗರು, ಎಲ್ಲ ಹಾಗೇ ಬರೋದಂತೆ. ರಾಟೆ ಕಿರ್ರ್ ಅಂದರೆ ಯಾರೋ ಬಂದರು ಅಂತ ಊರೇ ಬಾಗಿಲಿಗೆ ಬರೋದಂತೆ. ಈಗ ಯಾರು ಬರ್ತಾರೆ ಹಾಗೆ. ಹೂಂ ಅನ್ನು ಮಗಾ.

ರಾಟೆ ನೋಡಿಕೊಳ್ಳೋನು ಮೌನಪ್ಪಾಚಾರಿ. ಹಗ್ಗದ ಹುರಿ ಬಿಚ್ಚಿದ್ದು ಅವನ ಕಣ್ಣಿಗೆ ಬಿತ್ತು. ರಾಜನಿಗೆ ಹೇಳೋಣ ಅಂದರೆ, ಆ ದರ್ಬಾರಲ್ಲಿ ಯಾರೇ ಆಗಲಿ ತನ್ನ ಮೇಲಿನವನ ಬಾಯಿಂದಲೇ ಹೇಳಿಸಬೇಕಂತೆ. ಆಚಾರಿ ಬೊಕ್ಕಸದವನ ಕೈಕೆಳಗಿದ್ದ. ಬುದ್ಧಿ, ಹೊಸ ಹಗ್ಗ ಬೇಕು ಅಂದ. ಹಗ್ಗ ತಿಂತೀಯೇನಯ್ಯಾ, ಹೋದ ವರ್ಷ ತಾನೆ ಕೊಟ್ಟಿದ್ದು ಅಂದನಂತೆ ಅವನು. ರಾಜನ ಹತ್ತಿರ ಹೋಗಿ, ರಾಟೆಗೆ ಈ ವರ್ಷ ಖರ್ಚೇ ಇಲ್ಲ ಮಹಾಸ್ವಾಮಿ ಅಂದ. ಆಮೇಲೆ ಇವನ ಕಾಟ ಬೇಡ ಅಂತ ಆಚಾರೀನ ಸೇನಾಪತಿ ಕಡೆ ತಳ್ಳಿದ.

ಸೇನಾಪತಿ ಹಗ್ಗ ನೋಡಲೇ ಇಲ್ಲ. ಹೆದರುಪುಕ್ಕ, ನನ್ನ ಆಳುಗಳು ಆನೇನೇ ಎಳೆದವರು ಅಂತ ಇನ್ನಷ್ಟು ಜನಾನ ರಾಟೆಗೆ ಹಚ್ಚಿದ. ರಾಜನಿಗೆ, ರಾಟೆ ಈಗ ಗಾಳಿ ಹಾಗೆ ತಿರುಗತ್ತೆ ಅಂದ. ಆಚಾರಿ ಬಿಡದೆ ಗೊಣಗಿದ. ಸೇನಾಪತಿ ಅವನನ್ನ ಅರಮನೆ ಪಾರುಪತ್ಯಗಾರನ ತಲೆಗೆ ಕಟ್ಟಿದ. ಅವನು, ಹಗ್ಗ ಯಾರಿಗೆ ಕಾಣತ್ತೋ ಆಚಾರಿ, ಬುಟ್ಟಿ ತಾನೆ ಕಾಣೋದು ಅಂತ ಬುಟ್ಟಿಗೆ ಜರಿ ಸುತ್ತಿಸಿದನಂತೆ. ರಾಜನಿಗೆ, ನೋಡೋಕೆ ಎರಡು ಕಣ್ಣು ಸಾಲದು ಅಂದ.

ಆಮೇಲೆ ಮಗಳು ಬಂದಳು, ಕೆಳಗೆ ಬುಟ್ಟೀಲಿ ಕೂತಳು. ಎಳೀರೋ ಅಂದರು. ಆಚಾರಿ ರಾಟೆಗೆ ಅಡ್ಡ ಗೂಟ ಹಾಕಿ ಮುಂದೆ ಕೂತುಬಿಟ್ಟ. ಮೂವರೂ ಬೈದರು. ಏಳಲಿಲ್ಲ. ರಾಜನೇ ಬಂದ.

ತಲೆ ಹೋಗತ್ತೆ, ಗೊತ್ತಾ?

ಹೋಗಲಿ ಬುದ್ಧಿ. ಬುಟ್ಟೀಲಿ ಇಬ್ಬರಿದ್ದಾರೆ. ಹಗ್ಗ ಮುಟ್ಟಿ ನೋಡಿ.

ರಾಜ ಮುಟ್ಟಿದ. ಒಂದು ಎಳೆ ಕಿತ್ತು ಕೈಗೇ ಬಂತಂತೆ. ನನಗೆ ಯಾಕೆ ಹೇಳಲಿಲ್ಲವೋ ಅಂದ. ಮೂರು ಬಾಯಲ್ಲಿ ಹೇಳಿ ಕಳಿಸಿದೆ ಬುದ್ಧಿ, ನಿಮಗೆ ಏನು ಮುಟ್ಟಿತೋ ಕಾಣೆ ಅಂದ ಆಚಾರಿ.

ರಾಜ ಆ ಮೂವರ ಮುಖ ನೋಡಿದ. ಆಮೇಲೆ ಆಚಾರಿ ಕಡೆ ತಿರುಗಿದ. ಇನ್ನು ನೀನು ನನ್ನ ಕೈಕೆಳಗೆ, ದರ್ಬಾರಲ್ಲಿ ನನ್ನ ಪಕ್ಕ ನಿಲ್ಲು ಅಂದ. ನಾನು ಅಲ್ಲಿ ನಿಂತರೆ ರಾಟೆ ಯಾರು ನೋಡ್ತಾರೆ, ನೀವೇ ಇಲ್ಲಿಗೆ ಬನ್ನಿ ಅಂದನಂತೆ. ಆಗಲಿ, ಸೋಮವಾರ ಸೋಮವಾರ ಬರ್ತೀನಿ ಅಂದ ರಾಜ.

ಆಮೇಲೆ ಕೋಟೆಯವರೆಲ್ಲ ಕೂತು ಸೆಣಬು ಹೊಸೆದರು. ರಾಜನೂ ಒಂದು ತುದಿ ಹಿಡಿದ. ಅಷ್ಟರಲ್ಲಿ ಮಗಳಿಗೆ ನೋವು ಶುರುವಾಗಿ, ರಾಣಿ ಮೆಟ್ಟಿಲಿಳಿದು ಓಡಿ, ಕೆಳಗಿನ ಕುರುಬರ ಹಟ್ಟೀಲೇ ಹೆರಿಗೆ ಆಯ್ತಂತೆ. ಹಗ್ಗ ಆದಮೇಲೆ ತಾಯಿ ಮಗು ಮೇಲೆ ಬಂದರು. ಕತೆ ಅಷ್ಟೇ, ಆಯ್ತು.