ಅಳಿಸಿದ ಬೊಟ್ಟು

ಬಾಗಿಲು ಮುಂದೆ ಮಾಡು ವಾರಿಜಾ, ಮೆಲ್ಲಗೆ ಹೇಳುತ್ತೇನೆ. ನಾನು ಹೇಳಿದೆ ಅಂತ ಎಲ್ಲೂ ಬಾಯಿ ಬಿಡಬೇಡ. ನಾನು ಹೇಳುವ ಮನೆಯವರು ಇನ್ನೂ ಇದೇ ಬೀದಿಯಲ್ಲಿದ್ದಾರೆ.

ನಿಮ್ಮ ಆಫೀಸಿನ ಕಂಪ್ಯೂಟರಿನಲ್ಲಿ ರೋಗಗಳ ಹೆಸರನ್ನು ಯಾವುದು ಯಾವುದರ ಕವಲು ಎಂದು ಜೋಡಿಸುತ್ತೀರಿ. ನೀವೇ ಇಟ್ಟ ಹೆಸರು ಕಪ್ಪು. ಬೇರೆಯವರಿಂದ ತಂದದ್ದಕ್ಕೆ, ಎಲ್ಲಿಂದ ತಂದದ್ದೆಂದು ತಿಳಿಯಲು ಒಂದೊಂದು ಕಡೆಗೆ ಒಂದೊಂದು ಬಣ್ಣ. ನಾಳೆ ದೊಡ್ಡವರು ನೋಡಲು ಬರುತ್ತಾರೆ, ಎಲ್ಲವನ್ನೂ ಕಪ್ಪು ಮಾಡು, ಎಲ್ಲ ನಮ್ಮದೇ ಅಂತ ಕಾಣಲಿ ಎಂದರಂತೆ ನಿಮ್ಮ ಸಾಹೇಬರು. "ಆಗಲ್ಲ ಅಂದರೆ ಕೆಲಸ ಹೋಗುತ್ತೆ. ಬರೀ ಬಣ್ಣ ತಾನೆ ಅಜ್ಜಿ, ಅಳಿಸಿದರೆ ಏನಾಗುತ್ತೆ?" ಎಂದು ನೀನು ಕೇಳಿದೆ.

ಕೇಳು. ಒಬ್ಬ ಗೃಹಿಣಿ ಮಗಳ ಮದುವೆ ಮಾಡಿದಳು. ಮನೆಯಲ್ಲಿ ಪಾತ್ರೆಗಿಂತ ಬಡಾಯಿಯೇ ಹೆಚ್ಚು. ಕೊಳಗ, ಕೊಪ್ಪರಿಗೆ ಎಲ್ಲವನ್ನೂ ಬೀದಿಯವರಿಂದ ತಂದಳು. ಯಾರ ಪಾತ್ರೆ ಎಂದು ತಿಳಿಯಲಿ ಅಂತ ಒಂದೊಂದು ಮನೆಯವರೂ ಕಂಠದ ಹತ್ತಿರ ತಮ್ಮ ಬಣ್ಣದ ಬೊಟ್ಟು ಇಟ್ಟೇ ಕೊಟ್ಟರು. ಬೀಗರು ಬರುವ ಮೊದಲು ಆಕೆ ಸೀಮೆಎಣ್ಣೆ ಬಟ್ಟೆಯಿಂದ ಅಷ್ಟನ್ನೂ ಉಜ್ಜಿ ತೆಗೆದಳು.

ಬೀಗಿತ್ತಿ ಬಂದು ಕಣ್ಣರಳಿಸಿದಳು. "ಇಷ್ಟೂ ನಿಮ್ಮದೇನಾ?"

"ನಮ್ಮತ್ತೆ ಕಾಲದ್ದು." ನಾನು ಅಲ್ಲೇ ಕಾಯಿ ತುರಿಯುತ್ತಿದ್ದೆ. ನನ್ನ ಮುಖ ನೋಡಿಯೂ ಹಾಗೇ ಅಂದಳು.

ಆ ಪಾತ್ರೆಗಳಲ್ಲಿ ಒಂದು ಹಿತ್ತಾಳೆ ಕೊಳಗದ ಒಳಗಿನ ತವರದ ಕಲಾಯಿ ಹೋಗಿತ್ತು. ಅದಕ್ಕೆ ಹಳದಿ ಬೊಟ್ಟು. ನೀರು ಕಾಯಿಸುವುದಕ್ಕೆ ಮಾತ್ರ ಎಂದು ಹೇಳಿಯೇ ಕೊಟ್ಟಿದ್ದಳು ಪಕ್ಕದ ಮನೆಯವಳು. ಬೊಟ್ಟು ಹೋದ ಮೇಲೆ ಯಾವುದು ಯಾವುದೆಂದು ಯಾರಿಗೆ ಗೊತ್ತು? ಅಡುಗೆಯವರು ಅದರಲ್ಲೇ ಹುಳಿ ಕುದಿಸಿದರು. ಹಿತ್ತಾಳೆಯ ಕಿಲುಬು ಹುಳಿಗೆ ಬಿಟ್ಟುಕೊಂಡಿತು. ಊಟಕ್ಕೆ ಕೂತವರು ಎಲೆ ಬಿಟ್ಟು ಹಿತ್ತಲಿಗೆ ಓಡಿದರು, ಮದುಮಗನ ಸೋದರಮಾವ ಎಲ್ಲರಿಗಿಂತ ಮುಂದೆ. ಬೀಗಿತ್ತಿ ಕೊಳಗವನ್ನು ಅಂಗಳಕ್ಕೆ ತರಿಸಿ, ಇದು ಯಾರದು ಎಂದಳು. ಗೃಹಿಣಿ ನಿಂತಲ್ಲೇ ಪಕ್ಕದ ಮನೆಯವಳ ಕಡೆ ಬೆರಳು ತೋರಿಸಿದಳು.

ಸಾಹೇಬರಿಗೆ ಏನು ಹೇಳಬೇಕೆಂದು ನಾನು ನಿನಗೆ ಕಲಿಸುವುದಿಲ್ಲ. ಆ ಪಕ್ಕದ ಮನೆಯವಳು ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು, ಬೀಗರೆಲ್ಲರ ಎದುರಿಗೆ, ಅವಳ ಮುಖಕ್ಕೇ ಹೇಳಿದ್ದು ಇಷ್ಟು: "ನನ್ನ ಕೊಳಗಕ್ಕೆ ಹಳದಿ ಬೊಟ್ಟಿತ್ತು ಕಣಮ್ಮ, ಇದು ನಿಮ್ಮತ್ತೆಯದಾದರೆ ಕಿಲುಬೂ ನಿಮ್ಮತ್ತೆಯದೇ."