ದಿಬ್ಬದಾಚೆಯ ಹಟ್ಟಿಗೆ ನೀರು

ಮರಳುಗಾಡು ಶುರುವಾಗುವ ಕಡೆ ಭವನಾಥ ಗುರುಗಳ ಆಶ್ರಮವಿತ್ತು. ಸುತ್ತಮುತ್ತ ಎಲ್ಲಿ ತೋಡಿದರೂ ಉಪ್ಪುನೀರು. ಆಶ್ರಮದ ಬಾವಿಯಲ್ಲಿ ಮಾತ್ರ ಸಿಹಿನೀರು.

ಮರಳಿನ ದಿಬ್ಬಗಳ ಆಚೆ ಆಡು ಸಾಕುವವರ ಒಂದು ಪುಟ್ಟ ಹಟ್ಟಿ. ಅವರಿಗೆ ಕುಡಿಯುವ ನೀರು ಆಶ್ರಮದಿಂದಲೇ ಹೋಗಬೇಕು. ಹಳೆಯ ಜೀಪು, ಜೀಪಿನ ಹಿಂದೆ ಟ್ರೇಲರ್, ಟ್ರೇಲರ್ ಮೇಲೆ ನೀರಿನ ಟ್ಯಾಂಕು. ಅದನ್ನು ಓಡಿಸುತ್ತಿದ್ದವನು ಶಿಷ್ಯ ತೇಜಪಾಲ.

ಅವನಿಗೆ ಮರಳಿನಲ್ಲಿ ಗಾಡಿ ಓಡಿಸುವುದನ್ನು ಕಲಿಸಿದವರು ಗುರುಗಳೇ. ಹೇಳಿಕೊಟ್ಟದ್ದು ಬಹಳವೇನಲ್ಲ. ಮರಳಿಗೆ ಇಳಿಯುವ ಮುಂಚೆ ಟೈರಿನ ಗಾಳಿ ಇಳಿಸು, ಮೆತ್ತಗಿನ ಟೈರು ಹೂತುಕೊಳ್ಳುವುದಿಲ್ಲ. ಗಾಡಿ ಓಡಾಡಿ ಗಟ್ಟಿಯಾದ ಜಾಡಿನಲ್ಲೇ ಹೋಗು. ಹುಲ್ಲಿನ ಮೇಲೆ ಚಕ್ರ ಹಾಯಿಸಬೇಡ. ಹಿಂದೆ ಭಾರ ಕಟ್ಟಿಕೊಂಡು ದಿಬ್ಬ ಹತ್ತಬೇಡ. ಹತ್ತಲೇಬೇಕಾಗಿ ಬಂದರೆ ಮೊದಲು ನಡೆದು ಹೋಗಿ ಆಚೆ ಏನಿದೆ ನೋಡು.

"ಜಾಡು ತುಂಬಾ ಸುತ್ತು, ಗುರುಗಳೇ," ಎಂದಿದ್ದ ತೇಜಪಾಲ ಒಮ್ಮೆ.

"ಸುತ್ತು ನಿಜ," ಎಂದಿದ್ದರು ಗುರುಗಳು. "ಆದರೆ ನೀರು ತಲುಪುತ್ತದೆ."

ಒಂದು ಬೆಳಿಗ್ಗೆ ಪೇಟೆಯಿಂದ ಕೆಲವರು ದೊಡ್ಡ ದೊಡ್ಡ ಗಾಡಿಗಳಲ್ಲಿ ಬಂದರು. ದಿಬ್ಬಗಳ ಮೇಲೆ ಗಾಡಿ ಹಾರಿಸುವ ಹುಚ್ಚು ಅವರಿಗೆ. ಬಂದವರು ಹಾಗೇ ಗುರುಗಳ ದರ್ಶನವೂ ಆಗಲಿ ಎಂದು ಆಶ್ರಮದಲ್ಲಿ ಇಳಿದಿದ್ದರು.

ಅವರಲ್ಲೊಬ್ಬ ಜೀಪಿನ ಸುತ್ತ ಒಂದು ಸುತ್ತು ಬಂದ. "ಇದು ದಿಬ್ಬ ಹತ್ತುತ್ತದೆಯೇ?"

"ದಿಬ್ಬದ ನೆರಳಿನಲ್ಲಿ ನಿಲ್ಲಿಸಬಹುದು," ಎಂದ ಇನ್ನೊಬ್ಬ. ಎಲ್ಲರೂ ನಕ್ಕರು.

ತೇಜಪಾಲ ಬಾವಿಯ ಕಡೆ ಹೋದ. ಟ್ಯಾಂಕು ತುಂಬಿಸಿಕೊಂಡು ಹೊರಟ. ಮರಳು ಶುರುವಾದಲ್ಲಿ ಇಳಿದು ಗಾಳಿ ಬಿಡಬೇಕಿತ್ತು. ಬಿಡಲಿಲ್ಲ. ಪೇಟೆಯವರು ಹಿಂದಿನಿಂದ ನೋಡುತ್ತಿದ್ದರು. ಗಾಳಿ ಬಿಡುತ್ತಾ ಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕೂರುವುದಕ್ಕೆ ಅವನ ಮನಸ್ಸು ಒಪ್ಪಲಿಲ್ಲ.

ಜಾಡು ಎಡಕ್ಕೆ ಹೊರಳುವ ಕಡೆ ಅವನು ಹೊರಳಲಿಲ್ಲ. ನೇರ ದಿಬ್ಬಕ್ಕೇ ನುಗ್ಗಿಸಿದ.

ಜೀಪು ಅರಚಿತು. ಮರಳು ಎರಡೂ ಕಡೆ ಎರಚಿತು. ಟ್ರೇಲರ್ ಹಿಂದಕ್ಕೆ ಜಗ್ಗುತ್ತಿತ್ತು, ಅವನು ಬಿಡದೆ ಒತ್ತಿದ. ನೆತ್ತಿ ಹತ್ತಿರವಾದಾಗ ಹಿಂದಿನಿಂದ ಶಿಳ್ಳೆ ಕೇಳಿಸಿತು.

ಆ ಗಳಿಗೆ ಅವನಿಗೆ ತುಂಬಾ ಹಿತವಾಗಿತ್ತು. ಆಮೇಲೆ ಎಲ್ಲಕ್ಕಿಂತ ಹೆಚ್ಚು ಅವನನ್ನು ಸುಟ್ಟದ್ದು ಆ ಹಿತವೇ.

ನೆತ್ತಿ ದಾಟಿದ ಮೇಲೆ ಆಚೆ ಬದಿ ಕಂಡಿತು.

ದಿಬ್ಬ ತಮ್ಮ ಗುಡಿಸಲುಗಳ ಮೇಲೆ ಜರುಗದಿರಲಿ ಎಂದು ಹಟ್ಟಿಯವರು ಆ ಇಳಿಜಾರಿನಲ್ಲಿ ಸಾಲು ಸಾಲಾಗಿ ಹುಲ್ಲು ನೆಟ್ಟಿದ್ದರು. ಸಾಲುಗಳಿಗೆ ಮುಳ್ಳಿನ ಬೇಲಿ ಕಟ್ಟಿದ್ದರು. ಸಾಲುಗಳ ನಡುವೆ ಧಾಪೂಬಾಯಿ ಎಂಬ ಮುದುಕಿ ಬಗ್ಗಿ, ಗಾಳಿಗೆ ಕಿತ್ತುಬಂದ ಬೇಲಿಯನ್ನು ಸರಿಮಾಡುತ್ತಿದ್ದಳು.

ತೇಜಪಾಲ ಬ್ರೇಕ್ ಒತ್ತಿದ.

ಜೀಪು ನಿಧಾನವಾಯಿತು. ಹಿಂದಿನ ಭಾರ ನಿಧಾನವಾಗಲಿಲ್ಲ. ಟ್ರೇಲರ್ ಜೀಪನ್ನು ನೂಕಿ ಪಕ್ಕಕ್ಕೆ ತಿರುಚಿತು. ಕೊಂಡಿ ಮುರಿಯಿತು. ಟ್ಯಾಂಕಿನ ಸಮೇತ ಟ್ರೇಲರ್ ಉರುಳುತ್ತಾ ಧಾಪೂಬಾಯಿಯ ಕೈಯಳತೆಯಲ್ಲೇ ಹಾದು, ಹುಲ್ಲಿನ ಸಾಲುಗಳನ್ನೆಲ್ಲ ಹರಿದುಕೊಂಡು ಕೆಳಗೆ ಹೋಗಿ ಬಿತ್ತು.

ಅವಳು ಓಡಲಿಲ್ಲ. ಓಡಲು ಹೊತ್ತಿರಲಿಲ್ಲ. ಇದ್ದಲ್ಲೇ ಕುಸಿದು ಕೂತಳು.

ಟ್ಯಾಂಕಿನ ಮುಚ್ಚಳ ಕಳಚಿ ಚೆಲ್ಲಿದ ನೀರು ಹರಿಯಲೂ ಇಲ್ಲ. ಬಿದ್ದ ಜಾಗದಲ್ಲೇ ಮರಳು ಅದನ್ನು ಹೀರಿಬಿಟ್ಟಿತು.

ಪೇಟೆಯವರ ಒಂದು ಗಾಡಿ ದಿಬ್ಬದ ನೆತ್ತಿಗೆ ಬಂದು ನಿಂತಿತು. ಕೆಳಗೆ ನೋಡಿತು. ಹಿಂದಕ್ಕೆ ಹೊರಳಿ ಹೋಯಿತು.

ತೇಜಪಾಲನ ಕೈಗಳು ಸ್ಟೇರಿಂಗ್ ಬಿಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಧಾಪೂಬಾಯಿಯೇ ಎದ್ದು, ಮರಳು ಕೊಡವಿಕೊಂಡು ಜೀಪಿನ ಹತ್ತಿರ ಬಂದಳು.

"ಪೆಟ್ಟಾಯಿತೇ, ಮಗಾ?"

ಅವನು ಇಲ್ಲವೆಂದು ತಲೆಯಾಡಿಸಿದ.

ಅವಳು ಗುಡಿಸಲಿಗೆ ಹೋಗಿ ಒಂದು ತಂಬಿಗೆ ನೀರು ತಂದಳು. "ಕುಡಿ. ಎದೆ ಹೊಡೆದುಕೊಳ್ಳುವುದು ನಿಲ್ಲುತ್ತದೆ."

ಅವನು ಗಟಗಟನೆ ಪೂರ್ತಿ ಕುಡಿದ. ತಂಬಿಗೆ ತಿರುಗಿ ಕೊಡುವಾಗ ತಲೆಯೆತ್ತಿ ನೋಡಿದ. ಹಟ್ಟಿಯ ಹೆಂಗಸರು ಖಾಲಿ ಕೊಡಗಳನ್ನು ಇಟ್ಟುಕೊಂಡು ಸಾಲಾಗಿ ನಿಂತಿದ್ದರು. ಧಾಪೂಬಾಯಿಯ ಗುಡಿಸಲ ಬಾಗಿಲಲ್ಲಿ ಅವಳ ಕೊಡ ಬೋರಲು ಬಿದ್ದಿತ್ತು.

ಹಟ್ಟಿಯಲ್ಲಿ ಉಳಿದಿದ್ದ ನೀರು ಅಷ್ಟೇ ಎಂದು ಅವನಿಗೆ ಆಗ ತಿಳಿಯಿತು.

ಯಾರೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಅವನು ಸುತ್ತು ಜಾಡಿನಲ್ಲಿ ವಾಪಸಾದ. ಗುರುಗಳು ಬನ್ನಿ ಮರದ ಕೆಳಗೆ ಕೂತಿದ್ದರು. ಪೇಟೆಯವರು ಹೊರಟುಹೋಗಿದ್ದರು.

"ಟ್ರೇಲರ್ ಎಲ್ಲಿ?" ಎಂದರು ಗುರುಗಳು.

"ಕೊಂಡಿ ಮುರಿಯಿತು, ಗುರುಗಳೇ. ಹಳೆಯದಾಗಿತ್ತು."

"ಎಲ್ಲಿ ಮುರಿಯಿತು?"

"ದಾರಿಯಲ್ಲಿ."

ಗುರುಗಳು ಜೀಪಿನ ಟೈರುಗಳನ್ನು ನೋಡಿದರು. ಅವು ಉಬ್ಬಿ ಗಟ್ಟಿಯಾಗಿ ನಿಂತಿದ್ದವು.

"ಮುಖ ಒಣಗಿದೆ. ನೀರು ಕುಡಿದೆಯಾ?"

"ಕುಡಿದೆ."

"ಯಾರು ಕೊಟ್ಟರು?"

ತೇಜಪಾಲ ಬಾಯಿ ತೆರೆದ. ಹೆಸರು ಹೊರಗೆ ಬರಲಿಲ್ಲ. ಅಲ್ಲೇ ನೆಲದ ಮೇಲೆ ಕೂತು ಮುಖ ಮುಚ್ಚಿಕೊಂಡ.

ಆಮೇಲೆ ಎಲ್ಲವನ್ನೂ ಹೇಳಿದ. ಮೊದಲು ತಂಬಿಗೆಯ ವಿಷಯ, ಆಮೇಲೆ ಟ್ಯಾಂಕು, ಆಮೇಲೆ ಹುಲ್ಲು, ಕಡೆಗೆ ಶಿಳ್ಳೆ. ಶಿಳ್ಳೆಯ ವಿಷಯ ಹೇಳುವಾಗ ಅವನ ದನಿ ಅರ್ಧಕ್ಕರ್ಧ ಇಳಿದುಹೋಯಿತು.

"ಧಾಪೂಬಾಯಿಗೆ ಪೆಟ್ಟಾಗಿಲ್ಲ ತಾನೇ?"

"ಇಲ್ಲ. ಆದರೆ ಅವಳು ಉಳಿದದ್ದು ನನ್ನಿಂದಲ್ಲ."

ಗುರುಗಳು ಎದ್ದರು.

"ನನ್ನನ್ನು ಬೈಯಿರಿ, ಗುರುಗಳೇ."

"ಕ್ಯಾನುಗಳನ್ನು ತುಂಬು," ಎಂದರು ಅವರು. "ಅಡುಗೆಮನೆಯ ಕೊಳಗಗಳನ್ನೂ ತಾ."

ಅವನು ಬಾವಿಯಿಂದ ಸೇದಿ ಸೇದಿ ತುಂಬಿದ. ಅಷ್ಟರಲ್ಲಿ ಗುರುಗಳು ಜೀಪಿನ ಪಕ್ಕ ಕುಕ್ಕರುಗಾಲಲ್ಲಿ ಕೂತು, ಒಂದು ಕಡ್ಡಿಯಿಂದ ಒತ್ತಿ ಟೈರಿನ ಗಾಳಿ ಬಿಡತೊಡಗಿದರು. ಒಂದು ಚಕ್ರದಿಂದ ಇನ್ನೊಂದಕ್ಕೆ ಹೋಗುವಾಗ ಮೊಣಕಾಲು ನೋವಿಗೆ ಜೀಪನ್ನು ಹಿಡಿದುಕೊಂಡು ಏಳುತ್ತಿದ್ದರು.

"ಅದನ್ನು ನಾನು ಮಾಡುತ್ತೇನೆ, ಗುರುಗಳೇ."

"ನೀನು ನೀರು ಸೇದು."

ಬಗ್ಗಿ ಕೂತ ಆ ಬೆನ್ನನ್ನು ನೋಡಲಾಗದೆ ಅವನು ಬಾವಿಯ ಕಡೆ ತಿರುಗಿದ.

ಇಬ್ಬರೂ ಸುತ್ತು ಜಾಡಿನಲ್ಲೇ ಹೋದರು. ಹಟ್ಟಿಯಲ್ಲಿ ಹೆಂಗಸರು ಬಂದು ಕೊಡಗಳಿಗೆ ನೀರು ಸುರಿದುಕೊಂಡರು. ಸಾಕಾಗುವಷ್ಟು ಇರಲಿಲ್ಲ. ಇದ್ದುದನ್ನೇ ಹಂಚಿಕೊಂಡರು.

ಗುರುಗಳು ಧಾಪೂಬಾಯಿಯ ಎದುರು ಹೋಗಿ ಬಗ್ಗಿ ಅವಳ ಕಾಲು ಮುಟ್ಟಿದರು.

ಅವಳು ಹಿಂದಕ್ಕೆ ಸರಿದಳು. "ಇದೇನು ಬಾಬಾ, ನೀವು ಮುಟ್ಟುವುದೇ?"

"ಇವನ ಕೈಗೆ ಗಾಡಿ ಕೊಟ್ಟವನು ನಾನು, ತಾಯಿ."

ತೇಜಪಾಲನಿಗೆ ಆ ಮರಳು ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಎನಿಸಿತು. ತಾನೂ ಮುಂದೆ ಹೋದ. ಆದರೆ ಗುರುಗಳು ಮುಟ್ಟಿದ ಕಾಲನ್ನು ಮುಟ್ಟುವ ಧೈರ್ಯ ಬರಲಿಲ್ಲ. ಕೈ ಮುಗಿದು ನಿಂತ.

"ಕೈ ಮುಗಿದುಕೊಂಡು ನಿಂತರೆ ಬೇರು ಒಣಗುತ್ತದೆ," ಎಂದಳು ಧಾಪೂಬಾಯಿ. "ಬಾ."

ಇಳಿಜಾರಿನಲ್ಲಿ ಹುಲ್ಲು ಬೇರುಸಮೇತ ಚೆಲ್ಲಾಡಿತ್ತು. ಅವಳು ತೋರಿಸಿದಂತೆ ಅವನು ಮರಳು ಬಗೆದು, ತೇವ ಸಿಕ್ಕಲ್ಲಿ ಬೇರು ಇಟ್ಟು ಮುಚ್ಚಿದ. ಬೇಲಿಯ ಮುಳ್ಳು ಅಂಗೈಗೆ ಚುಚ್ಚಿತು. ಗುರುಗಳು ಇನ್ನೊಂದು ಸಾಲಿನಲ್ಲಿ ಕೂತು ಅದೇ ಕೆಲಸ ಮಾಡುತ್ತಿದ್ದರು. ಹಟ್ಟಿಯ ಗಂಡಸರು ಒಂಟೆ ಕಟ್ಟಿ ಟ್ರೇಲರನ್ನು ಎತ್ತಿ ನಿಲ್ಲಿಸಿದರು. ಟ್ಯಾಂಕು ನೆಗ್ಗಿತ್ತು, ಒಡೆದಿರಲಿಲ್ಲ.

"ಇದು ಮತ್ತೆ ಹಿಡಿಯುತ್ತದೆಯೇ, ಅಮ್ಮಾ?" ಎಂದು ತೇಜಪಾಲ ಕೇಳಿದ.

ಹಿಡಿಯುತ್ತದೆ ಎಂದು ಅವಳು ಹೇಳಲಿ ಎಂಬ ಆಸೆ ಅವನಿಗಿತ್ತು.

"ಎಷ್ಟೋ ಮಳೆಗಾಲ ಕಾದು ಹಿಡಿಸಿದ ಹುಲ್ಲು," ಎಂದಳು ಅವಳು. "ಸ್ವಲ್ಪ ಹಿಡಿಯಬಹುದು. ಸ್ವಲ್ಪ ಹೋಯಿತು."

ಹೊತ್ತು ಮುಳುಗುವಾಗ ಇಬ್ಬರೂ ಆಶ್ರಮಕ್ಕೆ ಬಂದರು. ಗುರುಗಳು ಕಾಲು ತೊಳೆದು ಜಗಲಿಯ ಮೇಲೆ ಕೂತರು. ತೇಜಪಾಲ ಜೀಪಿನ ಕೀಲಿ ತಂದು ಅವರ ಮುಂದೆ ಇಟ್ಟು, ದೂರ ನಿಂತ.

ಗುರುಗಳು ಕೀಲಿಯನ್ನು ನೋಡಿದರು, ಮುಟ್ಟಲಿಲ್ಲ.

"ನಾಳೆ ಹಟ್ಟಿಗೆ ನೀರು ಯಾವಾಗ ಹೊರಡುತ್ತದೆ?" ಎಂದು ಕೇಳಿದರು.

"ಗುರುಗಳೇ, ನಾನಿನ್ನು ಆ ಗಾಡಿ ಮುಟ್ಟುವುದಿಲ್ಲ," ಎಂದ ತೇಜಪಾಲ. "ನಾನು ಅದಕ್ಕೆ ಯೋಗ್ಯನಲ್ಲ. ಯಾರೋ ನಾಲ್ಕು ಜನ ನಕ್ಕರು ಎಂದು ನಿಮ್ಮ ಮಾತು ಮರೆತೆ. ನಿಮ್ಮ ಮುಂದೆ ಸುಳ್ಳು ಹೇಳಿದೆ. ನನ್ನ ದೆಸೆಯಿಂದ ನೀವು ತಲೆ ಬಗ್ಗಿಸಬೇಕಾಯಿತು. ಆ ತಾಯಿಗೆ ನಾನು ಹೇಗೆ ಮುಖ ತೋರಿಸಲಿ? ನನ್ನಂಥವನನ್ನು ಈ ಆಶ್ರಮದಲ್ಲಿ ಇಟ್ಟುಕೊಳ್ಳುವುದೇ ತಪ್ಪು. ನನಗೇ ನಾನು ಹೇಸಿಗೆಯಾಗಿದ್ದೇನೆ."

ಗುರುಗಳು ಅವನು ಮಾತು ಮುಗಿಸುವ ತನಕ ಕಾದರು.

"ನಾನು ನಿನ್ನ ವಿಷಯ ಕೇಳಲಿಲ್ಲ, ತೇಜಪಾಲ," ಎಂದರು. "ನೀರು ಯಾವಾಗ ಹೊರಡುತ್ತದೆ ಎಂದು ಕೇಳಿದೆ."